ತುಕ್ಕು ಹಿಡಿದ ಕಾರಿಗೆ ಸ್ಟಿಕ್ಕರ್ ಹೊದಿಸಬೇಡಿ

ಹಳೇ ಕಾರಿಗೆ ಪೇಂಟ್ ಹೊಡೆಸಬೇಕೋ, ರ‍್ಯಾಪ್ ಹಾಕಿಸಬೇಕೋ ಎಂಬ ಪ್ರಶ್ನೆ ಈಗ ಹಳ್ಳಿಗೂ ಬಂದಿದೆ. ನಮ್ಮ ಹಾವೇರಿ ಜಿಲ್ಲೆಯಲ್ಲೇ ನೋಡಿ. ನಂಬರ್ ಪ್ಲೇಟ್ ಬರೆಯುತ್ತಿದ್ದ, ಹಿಂದಿನ ಗಾಜಿಗೆ ಮನೆದೇವರ ಹೆಸರು, ಟ್ರ್ಯಾಕ್ಟರ್ ಟ್ರೇಲರಿಗೆ ಮಕ್ಕಳ ಹೆಸರು ಕತ್ತರಿಸಿ ಅಂಟಿಸುತ್ತಿದ್ದ ರೇಡಿಯಂ ಅಂಗಡಿಯವರು ಈಗ ಇಡೀ ಕಾರಿಗೇ ಹಾಳೆ ಹೊದಿಸಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ನೋಡಿದರೆ ಸಾಕು, ಮಾಸಿದ ಆಲ್ಟೊ ಮಿರಮಿರ ಮಿಂಚುತ್ತದೆ. ಯಾರಿಗಾದರೂ ಆಸೆ ಆಗುವುದೇ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಊರುಗಳಲ್ಲಿ ಓಡುತ್ತಿರುವ ಹತ್ತು ಹದಿನೈದು ವರ್ಷದ ಕಾರುಗಳಿಗೆ ರ‍್ಯಾಪ್ ಬೇಡ. ಪೇಂಟ್ ಕೂಡ ಎಲ್ಲ ಕಾರಿಗೂ ಬೇಕಿಲ್ಲ. ದುಡ್ಡು ಹಾಕಬೇಕಾದದ್ದು ತಗಡಿಗೆ.

ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇವೆ ಅಂದರೆ, ಹಳ್ಳಿಯವರ ಕಾರು ಬಹುಪಾಲು ಎರಡನೇ ಕೈ, ಮೂರನೇ ಕೈ ಕಾರು. ಮಾರುತಿ 800 ನೆನಪಿಸಿಕೊಳ್ಳಿ. 1983ರ ಡಿಸೆಂಬರಿನಲ್ಲಿ ಬಂದ ಕಾರು. 2010ರ ಏಪ್ರಿಲ್‌ನಿಂದ ಬೆಂಗಳೂರೂ ಸೇರಿ 13 ದೊಡ್ಡ ನಗರಗಳಲ್ಲಿ ಅದರ ಮಾರಾಟ ನಿಂತಿತು, ಹೊಗೆಯ ಹೊಸ ನಿಯಮಕ್ಕೆ ಅದು ಹೊಂದಲಿಲ್ಲ. ಆಮೇಲೆ ನಾಲ್ಕು ವರ್ಷ ಸಣ್ಣ ಊರುಗಳಲ್ಲೇ ಮಾರಾಟವಾಗಿ 2014ರ ಜನವರಿಯಲ್ಲಿ ತಯಾರಿಕೆ ಮುಗಿಯಿತು. ಅಂದರೆ ಕೊನೆಗೆ ಹುಟ್ಟಿದ 800 ಗಾಡಿಗೂ 2029ಕ್ಕೆ 15 ವರ್ಷ ತುಂಬುತ್ತದೆ. ಉಳಿದವೆಲ್ಲ ಆಗಲೇ ದಾಟಿವೆ, ಇಲ್ಲವೇ ಹೊಸ್ತಿಲಲ್ಲಿವೆ. ಇಂಥ ಕಾರಿನ ಪ್ರಶ್ನೆ ಚಂದದ್ದಲ್ಲ, ಇನ್ನೂ ಐದು ವರ್ಷ ತಗಡು ತಡೆಯುತ್ತದೆಯೋ ಇಲ್ಲವೋ ಅನ್ನುವುದು.

ರ‍್ಯಾಪ್ ಎಂದರೆ ಏನು ಎಂದು ಸ್ವಲ್ಪ ತಿಳಿದುಕೊಳ್ಳೋಣ. ಅದು ಪಿವಿಸಿ ಹಾಳೆ, ಹಿಂದೆ ಅಂಟು. ಬಿಸಿ ಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ, ಎಳೆದು, ಉಜ್ಜಿ ಕೂರಿಸುತ್ತಾರೆ. ಹಾಳೆಯಲ್ಲಿ ಎರಡು ಜಾತಿ. ಕಾಸ್ಟ್ ಎನ್ನುವುದು ತೆಳು, ದುಬಾರಿ, ಬಾಗಿದ ಕಡೆಯೂ ಕೂರುತ್ತದೆ. ಕ್ಯಾಲೆಂಡರ್ಡ್ ಎನ್ನುವುದು ಅಂಗಡಿ ಬೋರ್ಡಿಗೆ, ಗೋಡೆಗೆ ಅಂಟಿಸುವ ಅಗ್ಗದ ಮಾಲು. ಅದನ್ನು ಎಳೆದು ಕಾರಿನ ಉಬ್ಬು ತಗ್ಗಿಗೆ ಕೂರಿಸಿದರೆ ಬಿಸಿಲಿಗೆ ಮತ್ತೆ ಸಂಕುಚಿತವಾಗಿ ಅಂಚು ಏಳುತ್ತದೆ. ಎದ್ದ ಅಂಚಿನೊಳಗೆ ಧೂಳು, ಧೂಳಿನ ಹಿಂದೆ ನೀರು.

ಅಂಗಡಿಯಲ್ಲಿ ಕಡಿಮೆ ರೇಟು ಹೇಳಿದರೆ ಯಾವ ಜಾತಿ ಹಾಕುತ್ತಾರೆ ಎಂದು ಕೇಳಿ. ಒಳ್ಳೆಯ ಕಾಸ್ಟ್ ಹಾಳೆಯನ್ನು ಕೈ ಕುದುರಿದವರಿಂದ ಹಾಕಿಸಿದರೆ ಸಣ್ಣ ಕಾರಿಗೂ ಅರ್ಧ ಲಕ್ಷದ ಹತ್ತಿರ ಹೋಗುತ್ತದೆ. ಹಳೇ 800 ಕಾರಿನ ಬೆಲೆಯೇ ಅಷ್ಟಿರುವಾಗ ಎಮ್ಮೆಗಿಂತ ಹಗ್ಗ ಭಾರ. ಅಷ್ಟು ಕೊಟ್ಟರೂ ಆಯುಷ್ಯ ನಾಲ್ಕೈದು ವರ್ಷ. ದಿನವಿಡೀ ಬಿಸಿಲಿಗೆ ನಿಲ್ಲುವ ಕಾರಿನ ಬಾನೆಟ್ ಮತ್ತು ಟಾಪ್ ಮೇಲೆ ಇನ್ನೂ ಕಡಿಮೆ. ಕಪ್ಪು ಬಣ್ಣದ್ದಾದರೆ ಇನ್ನೂ ಬೇಗ ಹೋಗುತ್ತದೆ, ಬಿಸಿಲನ್ನು ಅದೇ ಹೆಚ್ಚು ಹೀರುವುದು. ನಮ್ಮಲ್ಲಿ ಎಷ್ಟು ಮನೆಗೆ ಕಾರು ನಿಲ್ಲಿಸಲು ಶೆಡ್ಡು ಇದೆ? ಬೇವಿನ ಮರವೇ ಶೆಡ್ಡು.

ಈಗ ಮುಖ್ಯ ವಿಷಯ. ಹಾಳೆ ಹಿಡಿಯುವುದು ತಗಡನ್ನಲ್ಲ, ತಗಡಿನ ಮೇಲಿರುವ ಬಣ್ಣವನ್ನು. ಆ ಬಣ್ಣ ಗಟ್ಟಿ ಇದ್ದರೆ ಹಾಳೆಯೂ ಗಟ್ಟಿ. ಮೇಲಿನ ಕ್ಲಿಯರ್ ಕೋಟ್ ಹೊಟ್ಟಿನಂತೆ ಏಳುತ್ತಿದ್ದರೆ, ಒಳಗೆ ಜಂಗು ಹಿಡಿದು ಬಣ್ಣ ಗುಳ್ಳೆ ಎದ್ದಿದ್ದರೆ, ಹಾಳೆ ಏನನ್ನೂ ವಾಸಿ ಮಾಡುವುದಿಲ್ಲ. ಗುಳ್ಳೆ ಹಾಳೆಯ ಮೇಲೂ ಕಾಣುತ್ತದೆ, ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ನಿಮಗೆ ಮಾತ್ರ ಕಾಣುವುದಿಲ್ಲ. ನಾಳೆ ಹಾಳೆ ತೆಗೆಸಿದರೆ ಹಿಂದೊಮ್ಮೆ ಲೋಕಲ್ಲಾಗಿ ಹೊಡೆಸಿದ ಬಣ್ಣವೂ ಅದರ ಜೊತೆ ಸಿಪ್ಪೆಯಂತೆ ಬರುತ್ತದೆ. ಹಾಳೆಯೇ ಬಿಸಿಲಿಗೆ ಒಣಗಿ ಹಪ್ಪಳವಾಗಿದ್ದರಂತೂ ಚೂರು ಚೂರಾಗಿ ಕೀಳಬೇಕು, ಅದರ ಕೂಲಿ ಬೇರೆ.

ರ‍್ಯಾಪ್ ಪರವಾಗಿ ಹೇಳುವವರ ಮಾತಲ್ಲಿ ಸತ್ಯವೂ ಇದೆ. ಎರಡು ಮೂರು ವರ್ಷದ ಕಾರು, ಕಂಪನಿಯ ಬಣ್ಣ ಹಾಗೇ ಇದೆ, ಅದನ್ನು ಗೀರಿನಿಂದ ಕಾಪಾಡಬೇಕು, ಬೇಡವೆಂದಾಗ ತೆಗೆಯಬೇಕು ಅನ್ನುವವರಿಗೆ ಅದು ಸರಿಯಾದ ವಸ್ತು. ಜಾಹೀರಾತು ಹೊತ್ತು ತಿರುಗುವ ಗಾಡಿಗೂ ಸರಿ. ಆ ಮಾತನ್ನು ತಂದು ಯೂರಿಯಾ ಚೀಲ ಹೊತ್ತ ಓಮ್ನಿಗೆ ಅಂಟಿಸುವುದು ತಪ್ಪು.

ಯೂರಿಯಾ ಎಂದೆವು, ಸುಮ್ಮನೆ ಅಲ್ಲ. ಗೊಬ್ಬರ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ತಗಡು ತಿನ್ನುತ್ತದೆ. ಡಿಕ್ಕಿಯ ಮ್ಯಾಟ್ ಅಡಿ ಒಂದು ಹಿಡಿ ಉಳಿದರೂ ಸಾಕು. ಊರ ಕಾರಿಗೆ ತುಕ್ಕು ಬರುವುದು ಬಾನೆಟ್ ಮೇಲಿಂದ ಅಲ್ಲ, ಕೆಳಗಿನಿಂದ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತವೆ, ಕೆಸರು ತುಂಬಿ ಅವು ಮುಚ್ಚಿರುತ್ತವೆ. ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೂರುವ ತಟ್ಟೆ, ಕಾಲಡಿಯ ರಬ್ಬರ್ ಮ್ಯಾಟ್ ಕೆಳಗೆ, ಸ್ಟೆಪ್ನಿ ಇಡುವ ಗುಂಡಿ, ಇಲ್ಲೆಲ್ಲ ಒಮ್ಮೆ ಕೈ ಹಾಕಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ಪೊಳ್ಳು.

ಇನ್ನೊಂದು ಸುಲಭದ ಪರೀಕ್ಷೆ. ಗೀರು ಬಿದ್ದ ಕಡೆ ಗಟ್ಟಿ ಅಂಟಿನ ಟೇಪ್ ಒತ್ತಿ ಅಂಟಿಸಿ, ಒಂದೇ ಸಲಕ್ಕೆ ಎಳೆಯಿರಿ. ಟೇಪಿಗೆ ಬಣ್ಣದ ಚೂರು ಬಂದರೆ ಆ ಕಾರಿಗೆ ರ‍್ಯಾಪ್ ಮಾತು ಅಲ್ಲಿಗೇ ಮುಗಿಯಿತು. ಹಳೇ ಕಾರು ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಬಂಪರ್ ಪ್ಲಾಸ್ಟಿಕ್ಕು, ಅದರ ಮೇಲೆ ಪರೀಕ್ಷೆ ಮಾಡಿ ಹೆದರಬೇಡಿ. ಪೂರ್ತಿ ರ‍್ಯಾಪ್ ಹೊದಿಸಿದ ಹಳೇ ಕಾರನ್ನು ಯಾರಾದರೂ ಮಾರಲು ತಂದರೆ ಒಂದು ಮೂಲೆಯ ಹಾಳೆ ಎತ್ತಿ ತೋರಿಸಿ ಎನ್ನಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ಹಾಗಾದರೆ ಪೇಂಟೇ ಸರಿಯೋ? ಬಣ್ಣ ಮಾಸಿದೆ ಅಷ್ಟೇ, ಎಲ್ಲೂ ಎದ್ದಿಲ್ಲ ಎಂದರೆ ಅದೂ ಬೇಡ. ರಬ್ಬಿಂಗ್, ಪಾಲಿಶ್ ಮಾಡಿಸಿದರೆ ಅರ್ಧ ಹೊಳಪು ವಾಪಸ್ ಬರುತ್ತದೆ, ಖರ್ಚೂ ಅದರ ಒಂದಂಶ. ತುಕ್ಕು ಇದ್ದರೆ ಮಾತ್ರ ಟಿಂಕರಿಂಗ್ ಮಾಡಿಸಿ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಬೆಸೆದು, ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅದಕ್ಕೂ ರ‍್ಯಾಪಿಗೂ ಏನೂ ವ್ಯತ್ಯಾಸವಿಲ್ಲ, ಎರಡು ಮಳೆಗಾಲಕ್ಕೆ ಗುಳ್ಳೆ ಮತ್ತೆ ಹಾಜರು. ಪೇಂಟರುಗಳಲ್ಲೂ ಇಂಥವರಿದ್ದಾರೆ, ನಾವೇನು ಅವರ ವಕೀಲರಲ್ಲ.

ಬೆಳ್ಳಗಿನ ಸಾದಾ ಬಣ್ಣದ ಕಾರಾದರೆ ನೀವು ಪುಣ್ಯವಂತರು. ಒಂದು ಬಾಗಿಲಿಗೆ ಮಾತ್ರ ಹೊಡೆಸಿದರೂ ಹೊಂದುತ್ತದೆ. ಸಿಲ್ವರಿನಂಥ ಮೆಟಾಲಿಕ್ ಬಣ್ಣ ಹೊಂದಿಸುವುದು ಕಷ್ಟ, ಅಕ್ಕಪಕ್ಕದ ಬಾಗಿಲು ಬೇರೆ ಬೇರೆ ಊರಿನವರಂತೆ ಕಾಣುತ್ತವೆ. ಕಾಲವನ್ನೂ ನೋಡಿ. ನಮ್ಮ ಕಡೆ ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೆ ತಗಡು. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೊಡೆಸಿದರೆ ತೇವಕ್ಕೆ ಬಣ್ಣ ಮಂಕಾಗುತ್ತದೆ. ಗೋವಿನಜೋಳದ ಒಕ್ಕಣೆ ನಡೆಯುವಾಗ ಹೊಡೆಸಿದರೆ ರಸ್ತೆಯ ರವದಿ, ಧೂಳು ಎಲ್ಲ ಬಣ್ಣದಲ್ಲೇ ಕೂರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯದು.

ಇಲ್ಲಿ ಒಂದು ಮಾತು ಪೇಂಟರ್ ಅಣ್ಣಂದಿರ ಬಗ್ಗೆ. ಪಿಯು ಬಣ್ಣಕ್ಕೆ ಬೆರೆಸುವ ಹಾರ್ಡನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಗನ್ನಿನಿಂದ ಹೊಡೆಯುವಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಒಳ್ಳೆಯ ಮಾಸ್ಕಿನ ದುಡ್ಡು ನಿಮ್ಮ ಬಿಲ್ಲಿನಲ್ಲಿ ಸೇರಿದರೂ ಚೌಕಾಸಿ ಮಾಡಬೇಡಿ.

ಇನ್ನು ಕಾಗದ ಪತ್ರ. ನಿಮ್ಮ ಆರ್‌ಸಿಯಲ್ಲಿ ಕಾರಿನ ಬಣ್ಣ ಬರೆದಿರುತ್ತದೆ. ಪೇಂಟಿನಿಂದಾಗಲಿ ಹಾಳೆಯಿಂದಾಗಲಿ ಬಣ್ಣ ಬೇರೆಯಾದರೆ ಆರ್‌ಟಿಒ ಕಚೇರಿಗೆ ತಿಳಿಸಿ ತಿದ್ದಿಸಿಕೊಳ್ಳಬೇಕು, ಇನ್ಶೂರೆನ್ಸ್ ಕಂಪನಿಗೂ ಹೇಳಬೇಕು. ಹಾಳೆ ಬರೀ ಸ್ಟಿಕ್ಕರು, ಅದಕ್ಕೆ ಯಾವ ರೂಲೂ ಇಲ್ಲ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಮಿಲಿಟರಿ ಗಾಡಿಯ ಆಲಿವ್ ಹಸಿರು ಬಣ್ಣ ಹೊಡೆಸಲು ಸಾಮಾನ್ಯರಿಗೆ ಅವಕಾಶವೇ ಇಲ್ಲ, ಜೀಪು ಇರುವ ಹುಡುಗರು ಗಮನಿಸಿ. 15 ವರ್ಷ ತುಂಬಿದ ಕಾರಿನ ನೋಂದಣಿ ಮುಂದುವರಿಸಲು 2022ರ ಏಪ್ರಿಲ್ 1ರಿಂದ ಶುಲ್ಕವೇ ₹5,000ಕ್ಕೆ ಏರಿದೆ. ಅದರ ಮೇಲೆ ಹಸಿರು ತೆರಿಗೆ, ಕಾರನ್ನು ತಪಾಸಣೆಗೆ ಒಯ್ಯುವ ಓಡಾಟ. ಬಣ್ಣಕ್ಕೆ ಕೈ ಹಾಕುವ ಮೊದಲು ಈ ದುಡ್ಡು ತೆಗೆದಿಟ್ಟುಕೊಳ್ಳಿ. ಹೊಡೆಸುವುದಾದರೆ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿ, ಅರ್ಧ ತಲೆನೋವು ಅಲ್ಲೇ ಕಡಿಮೆ.

ಗ್ಯಾರೇಜಿನವರ ಹತ್ತಿರ ಒಟ್ಟು ಇಷ್ಟು ಎಂದು ಬಾಯಿಮಾತಿನ ಗುತ್ತಿಗೆ ಬೇಡ. ಟಿಂಕರಿಂಗ್ ಎಷ್ಟು, ಯಾವ ಕಂಪನಿಯ ಯಾವ ಬಣ್ಣ, ಬಾಗಿಲ ಒಳಅಂಚಿಗೂ ಹೊಡೆಯುತ್ತೀರಾ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಪುಟ್ಟಿ ಹಚ್ಚುವ ದಿನ ಒಂದು ಸಲ ಹೋಗಿ ಬರಿ ತಗಡು ನೋಡಿ, ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಕಾರು ಮಾರುವಾಗ ಕೊಳ್ಳುವವರಿಗೆ ಅವನ್ನೇ ತೋರಿಸಬಹುದು.