ಪಟ್ಟಣದಲ್ಲಿ ಸಾಲ ಅರ್ಹತೆ, ಹಳ್ಳಿಯಲ್ಲಿ ಸಾಲವೇ ಅನರ್ಹತೆ

ಇವತ್ತು ಬೆಳೆ, ರೋಗದ ವಿಚಾರ ಬೇಡ, ಮನೆ ವಿಚಾರ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಪಟ್ಟಣದಲ್ಲಿ ಮೊದಲ ಸಲ ಮನೆ ತಗೊಂಡೋರಿಗೆ ಆದಾಯ ತೆರಿಗೆಯಲ್ಲಿ ಸೆಕ್ಷನ್ 80ಇಇಎ ಅಂತ ಒಂದು ರಿಯಾಯಿತಿ ಕೊಟ್ಟರು. 2019ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರೊಳಗೆ ಗೃಹಸಾಲ ಮಂಜೂರಾಗಿರಬೇಕು. ಮುದ್ರಾಂಕ ಶುಲ್ಕದ ಲೆಕ್ಕದಲ್ಲಿ ಮನೆ ಬೆಲೆ 45 ಲಕ್ಷ ಮೀರಬಾರದು. ಸಾಲ ಮಂಜೂರಾದ ದಿನ ಅವರ ಹೆಸರಲ್ಲಿ ಬೇರೆ ಮನೆ ಇರಬಾರದು. ಸಂಬಳಕ್ಕೆ ಮಿತಿಯೇ ಇಲ್ಲ. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟೋರು ವರ್ಷಕ್ಕೆ 1.5 ಲಕ್ಷದವರೆಗಿನ ಹೆಚ್ಚುವರಿ ಬಡ್ಡಿಯನ್ನ ಆದಾಯದಲ್ಲಿ ಕಳೆದು ತೋರಿಸಬಹುದು. ಶೇ. 30ರ ತೆರಿಗೆ ಕಟ್ಟೋರಿಗೆ ಇದರಿಂದ ವರ್ಷಕ್ಕೆ 45 ಸಾವಿರದವರೆಗೆ ಉಳಿತಾಯ. ಮೂರು ವರ್ಷಕ್ಕೆ 1.35 ಲಕ್ಷ.

ಈಗ ನಮ್ಮ ಕಡೆ ನೋಡಿ. ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣದಲ್ಲಿ ಬಯಲು ಪ್ರದೇಶಕ್ಕೆ ಕೊಡೋದು 1.20 ಲಕ್ಷ, ಅದೂ ಜೀವನದಲ್ಲಿ ಒಂದು ಸಲ. ಅದಕ್ಕೆ ಅನರ್ಹತೆಯ ಪಟ್ಟಿ ಬೇರೆ. ಅದರಲ್ಲಿ ಒಂದು, ಕಿಸಾನ್ ಕ್ರೆಡಿಟ್ ಕಾರ್ಡ್ ಮಿತಿ 50 ಸಾವಿರ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆ ಇಲ್ಲ!

ಅಲ್ಲಿ ಲಕ್ಷಗಟ್ಟಲೆ ಸಾಲ ಮಾಡಿದೋನು ರಿಯಾಯಿತಿಗೆ ಅರ್ಹ. ಇಲ್ಲಿ ಬೀಜ ಗೊಬ್ಬರಕ್ಕೆ ಬೆಳೆಸಾಲ ಮಾಡಿದೋನು ಸಾಹುಕಾರ. ಇದ್ಯಾವ ನ್ಯಾಯ ಸ್ವಾಮಿ?

ಮಳೆ ನಂಬಿದ ಜಮೀನು 5 ಎಕರೆ ಒಳಗಿದ್ದರೆ ಅದೇ ಪಟ್ಟಿ ನಿಮ್ಮನ್ನ ಬಡವ ಅಂತ ಒಪ್ಪುತ್ತೆ. ಅದೇ ಜಮೀನಿನ ಪಹಣಿ ಇಟ್ಕೊಂಡು ಬ್ಯಾಂಕು ಎಕರೆಗೆ ಇಷ್ಟು ಅಂತ ಲೆಕ್ಕ ಹಾಕಿ ಕಾರ್ಡ್ ಕೊಡುತ್ತೆ. ಮೂರು ನಾಲ್ಕು ಎಕರೆಗೆ 50 ಸಾವಿರ ದಾಟೋದು ದೊಡ್ಡದೇನಲ್ಲ. ನೀವು ಪೂರ್ತಿ ಹಣ ಎತ್ತಿದ್ರೋ ಇಲ್ವೋ ಅದೂ ಬೇಡ, ನೋಡೋದು ಮಿತಿಯನ್ನ ಮಾತ್ರ.

2024ರಲ್ಲಿ ಈ ಪಟ್ಟಿ ತಿದ್ದಿದರು. ಬೈಕು, ಫ್ರಿಜ್ಜು, ಲ್ಯಾಂಡ್‌ಲೈನ್ ಇದ್ರೂ ಪರವಾಗಿಲ್ಲ ಅಂದರು. ತಿಂಗಳ ಆದಾಯದ ಮಿತಿ 10 ಸಾವಿರ ಇದ್ದದ್ದನ್ನ 15 ಸಾವಿರ ಮಾಡಿದರು. ಒಳ್ಳೇದೇ. ಕಾರ್ಡಿನ 50 ಸಾವಿರ ಮಾತ್ರ ಕದಲಲಿಲ್ಲ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲೂ ಇದೇ 50 ಸಾವಿರ. ಆಗಿನ ಡಿಎಪಿ ಬೆಲೆಯೇನು, ಕೂಲಿಯೇನು, ಈಗಿನದೇನು? 2025ರ ಜನವರಿಯಿಂದ ಅಡಮಾನ ಇಲ್ಲದ ಕೃಷಿ ಸಾಲವನ್ನ ರಿಸರ್ವ್ ಬ್ಯಾಂಕೇ 2 ಲಕ್ಷಕ್ಕೆ ಏರಿಸಿದೆ. ಖರ್ಚು ಏರಿದೆ, ಸಣ್ಣ ರೈತರಿಗೆ ಅನುಕೂಲ ಆಗಲಿ ಅಂತ. ಬ್ಯಾಂಕಿನ ಲೆಕ್ಕಕ್ಕೆ ಸಣ್ಣ ರೈತ, ಮನೆ ಲೆಕ್ಕಕ್ಕೆ ದೊಡ್ಡ ಕುಳ!

"ರೈತರು ತೆರಿಗೆನೇ ಕಟ್ಟಲ್ಲ, ಇನ್ನೇನು ಕೇಳ್ತೀರಿ" ಅನ್ನೋರಿದ್ದಾರೆ. ಸರಿ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಅದಕ್ಕೇ ಆ ರಿಯಾಯಿತಿ ನಮಗೆ ಮುಟ್ಟೋದೂ ಇಲ್ಲ. ಪಟ್ಟಣದೋರಿಗೆ ಸಿಕ್ಕಿದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಸಾಲವನ್ನ ಆಸ್ತಿ ಅಂತ ಎಣಿಸಬೇಡಿ, ಇಷ್ಟೇ ನಮ್ಮ ಮಾತು.

"ಕಾರ್ಡ್ ಕ್ಲೋಸ್ ಮಾಡಿಬಿಡು, ಮನೆ ಬರುತ್ತೆ" ಅಂತ ಉಪದೇಶ ಮಾಡೋರೂ ಇದ್ದಾರೆ. ಮಾಡಬೇಡಿ. ಮುಂದಿನ ಮುಂಗಾರಿಗೆ ಕೈಸಾಲಕ್ಕೆ ಬಡ್ಡಿಯೋರ ಮನೆ ಬಾಗಿಲಿಗೆ ನಿಲ್ಲಬೇಕಾಗುತ್ತೆ.

ಫಲಾನುಭವಿಗಳ ಪಟ್ಟಿ ಗ್ರಾಮಸಭೆ ಮುಂದೆ ಬರಲೇಬೇಕು. ಅವತ್ತು ಹೊಲದ ಕೆಲಸ ಬಿಟ್ಟು ಬನ್ನಿ. ಕಾರ್ಡಿನ ಷರತ್ತು ತೆಗೀರಿ, ಇಲ್ಲಾಂದ್ರೆ 2 ಲಕ್ಷಕ್ಕೆ ಏರಿಸಿ ಅಂತ ಠರಾವು ಮಾಡಿಸೋಣ. ಬಾಯಿಮಾತಲ್ಲಿ ಹೇಳಿ ಎದ್ದು ಬರೋದು ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ತಗೊಳ್ಳಿ. ಒಂದು ಪಂಚಾಯಿತಿ ಬರೆದ್ರೆ ಕಾಗದ, ತಾಲ್ಲೂಕಿನ ಪಂಚಾಯಿತಿಗಳೆಲ್ಲ ಬರೆದ್ರೆ ಮೇಲಿನೋರು ಓದಲೇಬೇಕು.