ಪ್ಲಾಸ್ಟಿಕ್ ಪೆಟ್ಟಿಗೆ ಬಂತು, ಅರ್ತಿಂಗ್ ಎಲ್ಲಿ ಹೋಯ್ತು?

ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಪೇಟೆಯಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಒಂದು, ಚರಂಡಿಯ ಹೂಳೆತ್ತಿ ಅದೇ ಚರಂಡಿಯ ಪಕ್ಕ ಗುಡ್ಡೆ ಹಾಕುವುದು. ಇನ್ನೊಂದು, ಅಂಗಡಿಗಳ ತುಕ್ಕು ಹಿಡಿದ ಕಬ್ಬಿಣದ ಮೇನ್ ಸ್ವಿಚ್ ಪೆಟ್ಟಿಗೆ ಕಿತ್ತು ಪ್ಲಾಸ್ಟಿಕ್ ಪೆಟ್ಟಿಗೆ ಕೂರಿಸುವುದು. ಮೊದಲನೆಯದರ ನಾತ ಎಲ್ಲರ ಮೂಗಿಗೂ ಬಡಿಯುತ್ತದೆ, ಬರೆಯಬೇಕಾದ್ದಿಲ್ಲ. ಎರಡನೆಯದರ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಈ ಮಾತು.

ಪ್ಲಾಸ್ಟಿಕ್ ಪೆಟ್ಟಿಗೆ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅದಕ್ಕೆ ತುಕ್ಕು ಹಿಡಿಯದು, ಬಣ್ಣ ಬಳಿಯಬೇಕಿಲ್ಲ, ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯದು. ತೊಂದರೆ ಇರುವುದು ಕಬ್ಬಿಣದ ಪೆಟ್ಟಿಗೆ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಕೆಲಸವನ್ನು ಪ್ಲಾಸ್ಟಿಕ್ ಪೆಟ್ಟಿಗೆ ಮಾಡುವುದಿಲ್ಲ ಎಂಬಲ್ಲಿ.

ಆ ಕೆಲಸ ಯಾವುದು? ಸಾಲು ಮಳಿಗೆಗಳಿಗೆ ಕರೆಂಟು ತರುವ ದಪ್ಪ ಕಪ್ಪು ಕೇಬಲ್ ನೋಡಿದ್ದೀರಲ್ಲ, ಅದು ಆರ್ಮರ್ಡ್ ಕೇಬಲ್. ಕಪ್ಪು ಪಿವಿಸಿ ಹೊದಿಕೆಯ ಕೆಳಗೆ ಸತು ಲೇಪಿಸಿದ ಉಕ್ಕಿನ ತಂತಿಯ ಕವಚ, ಅದರೊಳಗೆ ಕರೆಂಟು ಹರಿಯುವ ತಂತಿ. ಹಾರೆ ಗುದ್ದಲಿಯ ಪೆಟ್ಟು, ಹೆಗ್ಗಣದ ಹಲ್ಲು ತಡೆಯಲಿಕ್ಕೆ ಈ ಕವಚ. ಪೆಟ್ಟಿಗೆಯ ತೂತಿನಲ್ಲಿ ಹಿತ್ತಾಳೆಯ ಗ್ಲ್ಯಾಂಡ್ ಹಾಕಿ ಕವಚವನ್ನು ಬಿಗಿಹಿಡಿಸುತ್ತಾರೆ. ಪೆಟ್ಟಿಗೆ ಕಬ್ಬಿಣದ್ದಾದರೆ ಕವಚದಿಂದ ಗ್ಲ್ಯಾಂಡಿಗೆ, ಗ್ಲ್ಯಾಂಡಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಅರ್ತ್ ಗುಂಡಿಯ ವೈರಿಗೆ ದಾರಿ ಸಿಕ್ಕಿತು. ಆ ಕಡೆ ಗೋಡೆ ಮೇಲೆ ಹೋಗುವ ಕಬ್ಬಿಣದ ಪೈಪಿಗೂ, ಪೈಪಿನ ತುದಿಯ ಬೋರ್ಡಿನ ಚೌಕಟ್ಟಿಗೂ ಅದೇ ಪೆಟ್ಟಿಗೆಯೇ ಕೊಂಡಿ.

ಈಗ ಆ ಪೆಟ್ಟಿಗೆ ಕಿತ್ತು ಪ್ಲಾಸ್ಟಿಕ್ಕಿನದು ಕೂರಿಸಿ. ಗ್ಲ್ಯಾಂಡ್ ಬಿಗಿಯಾಗಿಯೇ ಕೂತಿದೆ, ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ, ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಆದರೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಸರಪಣಿಯ ನಡುಕೊಂಡಿ ಕಳಚಿತು. ಗುಂಡಿಯಿಂದ ಬಂದ ಅರ್ತ್ ವೈರು ಬೋಲ್ಟ್ ಇಲ್ಲದೆ ಪೆಟ್ಟಿಗೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಕೂತಿತು. ಕವಚ, ಪೈಪು, ಬೋರ್ಡು ಎಲ್ಲವೂ ಅನಾಥ.

ಮುಂದೆ ಏನಾಗುತ್ತದೆ? ಮಳೆ ನೀರು ಇಳಿದೋ, ಬಿಸಿಲಿಗೆ ವೈರಿನ ಹೊದಿಕೆ ಬಿರಿದೋ ಒಂದು ದಿನ ಫೇಸ್ ತಂತಿ ಪೈಪಿಗೆ ತಾಗುತ್ತದೆ. ಅರ್ತಿಂಗ್ ಸರಿಯಾಗಿದ್ದರೆ ತಪ್ಪಿದ ಕರೆಂಟು ಆ ದಾರಿ ಹಿಡಿಯುತ್ತದೆ, ಫ್ಯೂಸೋ ಟ್ರಿಪ್ಪರೋ ಎಚ್ಚರಗೊಳ್ಳುತ್ತದೆ. ದಾರಿಯೇ ಇಲ್ಲದಿದ್ದರೆ 16 ಆಂಪಿಯರ್ ಎಂಸಿಬಿ ಗಾಢ ನಿದ್ರೆಯಲ್ಲಿರುತ್ತದೆ. ಪೈಪು 230 ವೋಲ್ಟ್ ಹೊತ್ತು ಯಾರಾದರೂ ಮುಟ್ಟಲೆಂದು ಕಾಯುತ್ತದೆ. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಹರಿದರೂ ಪ್ರಾಣ ಹೋಗಬಹುದು. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ!

ಮುಟ್ಟುವವರು ಯಾರು? ಅಂಗಡಿ ಹುಡುಗ, ಗಿರಾಕಿ, ಇಲ್ಲವೇ ಸಂಜೆ ಮಳೆಯಲ್ಲಿ ಬಸ್ಸು ಬರುವ ತನಕ ಅಂಗಡಿ ಮಾಡಿನ ಕೆಳಗೆ ನಿಂತು ಕಂಬಕ್ಕೋ ಶಟರಿಗೋ ಒರಗುವ ಪ್ರಯಾಣಿಕ. ಒದ್ದೆ ಮೈ, ಒದ್ದೆ ಕಾಲು, ಕೆಳಗೆ ಒದ್ದೆ ಕಲ್ಲು. ಕರೆಂಟಿಗೆ ಇದಕ್ಕಿಂತ ಸಲೀಸು ದಾರಿ ಬೇಕೆ?

ಇದಕ್ಕೆ ಮದ್ದು ದೊಡ್ಡದೇನಲ್ಲ. ಗ್ಲ್ಯಾಂಡಿನ ಜೊತೆ ಹಾಕುವ ಅರ್ತ್ ಟ್ಯಾಗ್ ಎಂಬ ಲೋಹದ ಬಳೆಯೊಂದು ಸಿಗುತ್ತದೆ, ಅದಕ್ಕೊಂದು ಕಿವಿ, ಕಿವಿಯಲ್ಲಿ ಬೋಲ್ಟಿನ ತೂತು. ಅಲ್ಲಿಂದ ಹಸಿರು ವೈರು ಎಳೆದು ಪೆಟ್ಟಿಗೆಯೊಳಗಿನ ಅರ್ತ್ ಪಟ್ಟಿಗೆ ಬಿಗಿಯಬೇಕು. ಗುಂಡಿಯ ವೈರೂ ಅದೇ ಪಟ್ಟಿಗೆ ಬರಬೇಕು. ಒಂದೇ ಪೆಟ್ಟಿಗೆಗೆ ಎರಡು ಕೇಬಲ್ ಬಂದಿದ್ದರೆ ಎರಡಕ್ಕೂ ಟ್ಯಾಗ್, ಕಬ್ಬಿಣದ ಪೈಪು ಬಂದಿದ್ದರೆ ಅದಕ್ಕೊಂದು ಕ್ಲಾಂಪ್ ಮತ್ತು ವೈರು. ಕೇಬಲ್ಲಿನ ಒಳತಂತಿ 16 ಚದರ ಮಿಲಿಮೀಟರ್ ತನಕ ಇದ್ದರೆ, ಅದೇ ಲೋಹದ ಅರ್ತ್ ವೈರೂ ಅಷ್ಟೇ ದಪ್ಪ ಇರಬೇಕೆಂಬುದು ವಾಡಿಕೆಯ ನಿಯಮ. ದಾರದಂಥ ವೈರು ಸುತ್ತಿ ಕೈ ತೊಳೆದುಕೊಂಡರೆ ಅದು ಅರ್ತಿಂಗ್ ಅಲ್ಲ, ಅಲಂಕಾರ.

ಕೆಲವರು ಇನ್ನೂ ಜಾಣರು. ಅರ್ತ್ ವೈರ್ ಎಳೆಯುವ ಶ್ರಮವೇಕೆಂದು ಕವಚವನ್ನು ಪೆಟ್ಟಿಗೆಯಲ್ಲೇ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾರೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಯಾವ ತಂತಿಯೂ ತಾಗದೆಯೇ ಇಡೀ ಪೈಪಿಗೆ ಕರೆಂಟು ಬರುತ್ತದೆ. ಇದು ಕೆಲಸಗಳ್ಳತನವಲ್ಲ, ಕೊಲೆಗಡುಕತನ.

ಪ್ಲಾಸ್ಟಿಕ್ಕಿನ ಗುಣ ಅರಿತು ಕೆಲಸ ಮಾಡುವುದೂ ಮುಖ್ಯ. ಕಾದ ಕಬ್ಬಿಣದಿಂದ ತೂತು ಸುಟ್ಟು ದೊಡ್ಡದು ಮಾಡಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಕಬ್ಬಿಣಕ್ಕೆ ಬಿಗಿದಂತೆ ನಟ್ಟು ಬಿಗಿದರೆ ಪೆಟ್ಟಿಗೆ ಬಿರಿಯುತ್ತದೆ. ಕೇಬಲ್ಲಿನ ಭಾರ ಪೆಟ್ಟಿಗೆಯ ಮೇಲೆ ಜೋತುಬೀಳದಂತೆ ಗೋಡೆಗೆ ಹತ್ತಿರದಲ್ಲೇ ಕ್ಲಾಂಪ್ ಹೊಡೆಯಬೇಕು. ಬಯಲಿನ ಪೆಟ್ಟಿಗೆಗೆ ಕೇಬಲ್ಲು ಕೆಳಗಿನಿಂದ ಬರಲಿ, ಮೇಲಿನಿಂದ ಬೇಡ. ಗ್ಲ್ಯಾಂಡ್ ಇಲ್ಲದೆ ಕೇಬಲ್ ತುರುಕುವುದಂತೂ ಕೂಡದು, ಕೊಯ್ದ ಕವಚದ ಮೊನೆ ಒಳತಂತಿಯ ಹೊದಿಕೆಯನ್ನು ಸೀಳುತ್ತದೆ.

‘ಟ್ರಿಪ್ಪರ್ ಹಾಕಿಸಿದ್ದೀವಲ್ಲ ಸಾರ್’ ಎನ್ನುವವರಿದ್ದಾರೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಳ್ಳೆಯದೇ, ಎಲ್ಲ ಅಂಗಡಿಯಲ್ಲೂ ಇರಬೇಕಾದ್ದೇ. ಆದರೆ ಅರ್ತಿಂಗ್ ಇಲ್ಲದಿದ್ದರೆ ಅದು ಎಚ್ಚರಗೊಳ್ಳುವುದು ಮನುಷ್ಯನ ಮೈಯಲ್ಲಿ ಕರೆಂಟು ಹರಿದ ಮೇಲೆ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಟಕ್ಕೆಂದು ಬಿದ್ದರೆ ಆ ಯಂತ್ರ ಕೆಲಸ ಮಾಡುತ್ತಿದೆಯೆಂದರ್ಥವೇ ಹೊರತು, ಅರ್ತಿಂಗ್ ಸರಿಯಿದೆ ಎಂದಲ್ಲ. ಅರ್ತಿಂಗ್ ಪರೀಕ್ಷೆ ಬೇರೆಯೇ. ಮೇನ್ ಆಫ್ ಮಾಡಿ, ಗ್ಲ್ಯಾಂಡಿನಿಂದ ಅರ್ತ್ ಪಟ್ಟಿಯ ತನಕ, ಪೈಪಿನಿಂದ ಪಟ್ಟಿಯ ತನಕ ವೈರ್‌ಮನ್ ಮೀಟರ್ ಹಿಡಿದು ನೋಡಬೇಕು. ಅಂಗಡಿ ಮಾಲೀಕರು ಎದುರಿಗೆ ನಿಂತು ನೋಡಲಿ, ನೋಡಿದ ಮೇಲೇ ಹಣ ಕೊಡಲಿ.

ಕಾನೂನು ಇಲ್ಲವೆಂದಲ್ಲ. ಭಾರತೀಯ ವಿದ್ಯುತ್ ನಿಯಮಗಳು 1956ರಿಂದಲೂ ಇದ್ದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾದವು. ಅರ್ತಿಂಗ್ ಹೇಗಿರಬೇಕೆಂದು ಹೇಳುವ ಐಎಸ್ 3043 ಎಂಬ ಭಾರತೀಯ ಮಾನಕ 2018ರಲ್ಲಿ ಪರಿಷ್ಕೃತವಾಗಿದೆ. ವೈರಿಂಗ್ ಕೆಲಸ ಲೈಸೆನ್ಸ್ ಇದ್ದವರೇ ಮಾಡಬೇಕು. ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ, ಪೇಟೆಯಲ್ಲಿ ಮಾತ್ರ ‘ಸಾವಿರ ರೂಪಾಯಿಗೆ ಮುಗಿಸಿಕೊಡ್ತೀನಿ ಅಣ್ಣ’ ಎಂದವನಿಗೇ ಕೆಲಸ.

ಬಾಡಿಗೆ ಮಳಿಗೆಯ ಗೋಳು ಬೇರೆ. ಬಾಡಿಗೆದಾರ ‘ಕಟ್ಟಡ ನನ್ನದಲ್ಲ’ ಎನ್ನುತ್ತಾನೆ, ಮಾಲೀಕ ‘ಕರೆಂಟು ಉರಿಸೋನು ಅವನು’ ಎನ್ನುತ್ತಾನೆ. ಇಬ್ಬರ ಜಗಳದ ನಡುವೆ ಪೈಪಿಗೆ ಒರಗಿದವನು ಮೂರನೆಯವನು.

ಆದ್ದರಿಂದ ನಮ್ಮ ಬೇಡಿಕೆ ಎರಡೇ. ತನ್ನ ಮಳಿಗೆಗಳ ಬಾಡಿಗೆಯನ್ನು ತಪ್ಪದೆ ವಸೂಲು ಮಾಡುವ ಪುರಸಭೆ, ಮಳೆ ಹಿಡಿಯುವ ಮೊದಲು ಆ ಮಳಿಗೆಗಳ ಅರ್ತಿಂಗ್ ಪರೀಕ್ಷೆ ಮಾಡಿಸಲಿ. ಖಾಸಗಿ ಕಟ್ಟಡಗಳಲ್ಲಿ ವರ್ತಕರ ಸಂಘದವರು ಲೈಸೆನ್ಸ್ ಇರುವ ಒಬ್ಬ ವೈರ್‌ಮನ್ನನ್ನು ಗೊತ್ತು ಮಾಡಿ, ಸಾಲಿಗೆ ಸಾಲೇ ನೋಡಿಸಲಿ. ಹಂಚಿಕೊಂಡರೆ ಖರ್ಚು ಯಾರಿಗೂ ಹೊರೆಯಲ್ಲ.

ಒಂದು ಬಳೆ, ಒಂದು ಬೋಲ್ಟು, ಒಂದು ಮೊಳ ಹಸಿರು ವೈರು. ಅಷ್ಟು ಉಳಿಸಲು ಹೋಗಿ ಒಂದು ಮನೆಯ ದೀಪ ಆರಬೇಕೆ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಚಾಳಿ ನಮಗೆ ಹೊಸದಲ್ಲ. ಈ ಸಲವಾದರೂ ಬಾಗಿಲು ಮೊದಲೇ ಬೀಳಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?