ಕಾಗುಣಿತವೂ ಮಗ್ಗಿಯೂ

ಮೊನ್ನೆ ಐದನೆಯ ತರಗತಿಯ ಬಾಲಕನೊಬ್ಬನು ‘ನಮ್ಮ ಹಲ್ಲಿ ಸುಂದರವಾಗಿದೆ’ ಎಂದು ಬರೆದು ತಂದನು. ಹಳ್ಳಿಯು ಹಲ್ಲಿಯಾಗಿ ಗೋಡೆಯೇರಿತ್ತು! ಏಳೆಂಟಲ ಎಷ್ಟೆಂದು ಕೇಳಿದರೆ ಬೆರಳೆಣಿಸತೊಡಗಿದನು. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ಅವನಿಗೆ ಕಲಿಸಿದವನು ನಾನೇ.

ಮನೆಯಲ್ಲಿ ತುಳು, ಬೀದಿಯಲ್ಲಿ ಮಲೆಯಾಳ, ಕೈಯಲ್ಲಿ ಮೊಬೈಲು: ಕಾಸರಗೋಡಿನ ಅಧ್ಯಾಪಕರಾದ ನಾವು ಹೇಳುವ ನೆಪಗಳಿವು. ತುಳುವನ್ನೇ ಆಡಿ ಬೆಳೆದ ನಮ್ಮ ಹಿರಿಯರು ಲಕಾರ ಳಕಾರಗಳನ್ನು ಕಲಿಯಲಿಲ್ಲವೇ? ಅವರಿಗೆ ದಿನವೂ ಉಕ್ತಲೇಖನವಿತ್ತು, ಬಾಯಿಲೆಕ್ಕವಿತ್ತು. ಇವೆರಡನ್ನೂ ಬರಿಯ ಉರುಹೊಡೆಯುವಿಕೆಯೆಂದು ಹಳಿದು ಕೈಬಿಟ್ಟವರು ನಾವು. 2009ರ ಶಿಕ್ಷಣಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗೆ ಮಕ್ಕಳನ್ನು ಅನುತ್ತೀರ್ಣಗೊಳಿಸಬಾರದೆಂದಿತು, ತಿದ್ದಬಾರದೆಂದು ಹೇಳಲಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಕ್ಕೆ ಮುಖ್ಯ ಆಸರೆ ಶಾಲೆ. ಬರೆಯಲೂ ಲೆಕ್ಕ ಮಾಡಲೂ ಬಾರದ ಮಗನನ್ನು ಕಂಡ ತಂದೆಯು ಕಿರಿಯವನನ್ನು ಕನ್ನಡ ಶಾಲೆಗೆ ಕಳುಹುವನೇ? ಅವನನ್ನು ಭಾಷಾದ್ರೋಹಿಯೆನ್ನಲು ನಮಗೇನು ಅಧಿಕಾರ?

ಸಹೋದ್ಯೋಗಿ ಬಂಧುಗಳೇ, ದಿನಕ್ಕೆ ಹತ್ತು ಶಬ್ದ, ಒಂದು ಮಗ್ಗಿ, ಕೆಂಪು ಶಾಯಿಯ ತಿದ್ದುಪಡಿ, ಇಷ್ಟರಿಂದ ತೊಡಗೋಣ. ವಿದ್ಯಾರ್ಥಿಗಳೇ, ತಿದ್ದಿದ ಶಬ್ದವನ್ನು ಐದು ಸಲ ಬರೆಯಿರಿ. ಭಾಷಣದಿಂದ ಉಳಿಯದ ಕನ್ನಡ ಸ್ಲೇಟಿನಿಂದ ಉಳಿದೀತು.